ಗಾಯ ಮಾಯ್ದರೆ ಸಾಲದು, ಕೈ ಕಾಯಕಕ್ಕೆ ಮರಳಬೇಕು

ಶರಣ ಧರ್ಮವು ಮಾನವನ ಕೈಗೆ ನೀಡಿರುವಷ್ಟು ಗೌರವವನ್ನು ಬೇರೆಡೆ ಕಾಣುವುದು ವಿರಳ. ಇಷ್ಟಲಿಂಗವು ನೆಲೆಗೊಳ್ಳುವುದು ಎಡದ ಅಂಗೈಯಲ್ಲಿ. ಪತ್ರೆ ಪುಷ್ಪಗಳನ್ನು ಅರ್ಪಿಸುವುದು ಬಲಗೈ. ‘ಕರಸ್ಥಲ’ವೆಂಬ ಮಾತೇ ಅಂಗೈಯನ್ನು ದೇವಾಲಯದ ಎತ್ತರಕ್ಕೆ ಏರಿಸಿದೆ. ಅದೇ ಕೈ ದುಡಿದು ಗಳಿಸುತ್ತದೆ. ಗಳಿಸಿದ್ದನ್ನು ದಾಸೋಹಕ್ಕೆ ನೀಡುತ್ತದೆ. ಪೂಜೆ, ಕಾಯಕ, ದಾಸೋಹ ಈ ಮೂರಕ್ಕೂ ಕೈಯೇ ಸಾಧನ.

ಶರಣರಲ್ಲಿ ಎಷ್ಟೋ ಮಂದಿ ಕೈಗೆಲಸದವರೇ ಆಗಿದ್ದರು. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದರು. ಜೇಡರ ದಾಸಿಮಯ್ಯನವರು ಮಗ್ಗದಲ್ಲಿ ನೇಯ್ದರು. ಕದಿರ ರೆಮ್ಮವ್ವೆಯವರು ನೂಲು ತೆಗೆದರು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಅಕ್ಕಿಯ ಕಾಳುಗಳನ್ನು ಬೆರಳ ತುದಿಯಿಂದ ಆಯ್ದು ದಾಸೋಹ ನಡೆಸಿದರು. ಬುಟ್ಟಿ ಹೆಣೆಯುವ ಮೇದಾರ ಕೇತಯ್ಯನವರಿಗೆ ಬಿದಿರು ಕಡಿಯುವಾಗ ಬಿದಿರಿನ ಮೊನೆ ನಾಟಿತೆಂಬ ಕಥನವೂ ಶರಣ ಪರಂಪರೆಯಲ್ಲಿದೆ. ಕಾಯಕವಿದ್ದಲ್ಲಿ ಪೆಟ್ಟಿನ ಭಯವೂ ಇದ್ದೇ ಇರುತ್ತದೆ ಎಂಬುದನ್ನು ನಮ್ಮ ಹಿರಿಯರು ಅರಿತಿದ್ದರು. ಪೆಟ್ಟು ಬಿದ್ದ ಕೈಯನ್ನು ಮರಳಿ ಕಾಯಕಕ್ಕೆ ಸಜ್ಜುಗೊಳಿಸುವ ಬಗೆ ಯಾವುದು ಎಂಬುದೇ ಈ ಲೇಖನದ ವಿಚಾರ.

ತಳಕಲ್ ಸೀಮೆಯ ದುಡಿಯುವ ಕೈಗಳು

ಹಿಂದೆ ಯಲಬುರ್ಗಾ ತಾಲೂಕಿಗೆ ಸೇರಿದ್ದು ಇಂದು ಕುಕನೂರು ತಾಲೂಕಿನಲ್ಲಿರುವ ತಳಕಲ್ ಗ್ರಾಮವು ಕೊಪ್ಪಳ, ಗದಗ ನಗರಗಳ ನಡುವಿನ ಊರು. ಸುತ್ತಲೂ ಜೋಳ, ಸಜ್ಜೆ, ಶೇಂಗಾ, ಮೆಕ್ಕೆಜೋಳ, ಕಡಲೆ ಬೆಳೆಯುವ ಹೊಲಗಳು. ಸಮೀಪದ ಇಟಗಿಯಲ್ಲಿ 1112ರಲ್ಲಿ ನಿರ್ಮಾಣವಾದ ಮಹಾದೇವ ದೇವಾಲಯವು ಈ ನೆಲದ ಶಿಲ್ಪಿಗಳ ಕೈಚಳಕಕ್ಕೆ ಸಾಕ್ಷಿಯಾಗಿ ನಿಂತಿದೆ. ಕಿನ್ನಾಳದ ಚಿತ್ರಗಾರರು ಕಟ್ಟಿಗೆಯಲ್ಲಿ ಗೊಂಬೆಗಳನ್ನು ಕೆತ್ತುತ್ತಾರೆ. ಭಾಗ್ಯನಗರದಲ್ಲಿ ಮಗ್ಗಗಳಿವೆ. ಗಿಣಿಗೇರಿಯ ಸುತ್ತಮುತ್ತ ಕಬ್ಬಿಣ ಉಕ್ಕಿನ ಕಾರ್ಖಾನೆಗಳು ಎದ್ದಿವೆ. ಭಾನಾಪುರದಲ್ಲಿ ಆಟಿಕೆ ತಯಾರಿಕೆಯ ವಲಯ ಬಂದಿದೆ.

ಹೀಗೆ ಹೊಲದಲ್ಲಾಗಲಿ, ಮಗ್ಗದ ಮುಂದಾಗಲಿ, ಯಂತ್ರದ ಬಳಿಯಾಗಲಿ, ಈ ಸೀಮೆಯ ಮನೆತನಗಳ ಅನ್ನವು ಎರಡು ಕೈಗಳನ್ನು ಅವಲಂಬಿಸಿದೆ. ರಾಶಿ ಯಂತ್ರಕ್ಕೆ ತೆನೆ ಒಡ್ಡುವಾಗ, ಮೇವು ಕತ್ತರಿಸುವ ಯಂತ್ರಕ್ಕೆ ಕಣಿಕೆ ಕೊಡುವಾಗ ನಿದ್ದೆಗಣ್ಣಿನ ಒಂದು ಕ್ಷಣ, ಸಡಿಲವಾದ ಒಂದು ತೋಳು ಸಾಕು, ಕೈ ಒಳಗೆ ಸೆಳೆಯಲ್ಪಡುತ್ತದೆ. ಇಂಥ ಯಂತ್ರಗಳ ಅಪಾಯವನ್ನು ಮನಗಂಡೇ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣಕ್ಕೆಂದು ಕೇಂದ್ರ ಕಾಯಿದೆಯೊಂದು ಬಂದಿತು. ಮುನ್ನೆಚ್ಚರಿಕೆಯೇ ಮೊದಲ ಮದ್ದು ಎಂಬುದು ನಿರ್ವಿವಾದ. ಆದರೂ ಪೆಟ್ಟು ಬಿದ್ದ ಮೇಲೆ ಏನೆಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಮೊದಲ ಗಳಿಗೆಯ ವಿವೇಕ

ತಳಕಲ್ಲಿನ ಒಬ್ಬ ರೈತನ ಬಲಗೈ ರಾಶಿಯ ಸಮಯದಲ್ಲಿ ಯಂತ್ರಕ್ಕೆ ಸಿಕ್ಕಿತೆಂದು ಭಾವಿಸೋಣ. ಮೊದಲು ಯಂತ್ರವನ್ನು ನಿಲ್ಲಿಸಬೇಕು. ಸ್ವಚ್ಛವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಬಲವಾಗಿ ಒತ್ತಿ ಹಿಡಿದು, ಕೈಯನ್ನು ಎದೆಗಿಂತ ಮೇಲಕ್ಕೆ ಎತ್ತಬೇಕು. ಉಂಗುರ, ಬಳೆ, ಕಡಗಗಳನ್ನು ಕೂಡಲೇ ತೆಗೆಯಬೇಕು. ಬಾವು ಏರಿದ ಮೇಲೆ ಅವೇ ಉರುಳಾಗಿ ರಕ್ತದ ಹರಿವನ್ನು ತಡೆಯುತ್ತವೆ. ಅರಿಷಿಣ, ಕಾಫಿ ಪುಡಿ, ಸುಣ್ಣ, ಸೀಮೆಎಣ್ಣೆಗಳನ್ನು ಗಾಯಕ್ಕೆ ತುಂಬಬಾರದು. ಅವುಗಳನ್ನು ತೊಳೆದು ತೆಗೆಯುವುದರಲ್ಲಿಯೇ ವೈದ್ಯರ ಅಮೂಲ್ಯ ಸಮಯ ಕಳೆದುಹೋಗುತ್ತದೆ.

ಬೆರಳು ತುಂಡಾಗಿ ಬಿದ್ದಿದ್ದರೆ ಅದನ್ನು ಎಸೆಯಬಾರದು. ಶುದ್ಧ ನೀರಿನಲ್ಲಿ ಮೆಲ್ಲಗೆ ತೊಳೆದು, ಒದ್ದೆಯಾದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯಿರುವ ಪಾತ್ರೆಯಲ್ಲಿ ಇರಿಸಬೇಕು. ಬೆರಳು ನೇರವಾಗಿ ಮಂಜುಗಡ್ಡೆಗೆ ತಾಗಕೂಡದು. ತುಂಡಾದ ಹೆಬ್ಬೆರಳನ್ನು ಸೂಕ್ಷ್ಮದರ್ಶಕದ ನೆರವಿನಿಂದ ಮರುಜೋಡಿಸುವ ಕಾರ್ಯವನ್ನು ಜಪಾನಿನ ವೈದ್ಯರು 1965ರಲ್ಲಿಯೇ ಸಾಧಿಸಿ ತೋರಿದರು. ಎಲ್ಲ ಬೆರಳುಗಳನ್ನೂ ಜೋಡಿಸಲು ಬರುವುದಿಲ್ಲ, ನಿಜ. ಆದರೆ ಆ ತೀರ್ಮಾನವನ್ನು ವೈದ್ಯರು ಕೈಗೊಳ್ಳಬೇಕೇ ಹೊರತು ಕಣದಲ್ಲಿ ನಿಂತ ನಾವಲ್ಲ.

ಎಲುಬು ಮುರಿದಾಗ ನಮ್ಮ ಹಳ್ಳಿಗಳಲ್ಲಿ ನಾಟಿ ವೈದ್ಯರ ಬಳಿ ಕಟ್ಟು ಹಾಕಿಸುವ ರೂಢಿಯಿದೆ. ಅವರ ಅನುಭವವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬಾವು ಏರುತ್ತಿರುವ ಮುಂಗೈಗೆ ಬಿದಿರಿನ ದಬ್ಬೆಯಿಟ್ಟು ಬಿಗಿದು ಕಟ್ಟಿದರೆ ಒಳಗಿನ ಸ್ನಾಯುಗಳಿಗೆ ರಕ್ತ ತಲಪದೆ ಕೆಲವೇ ತಾಸುಗಳಲ್ಲಿ ಅವು ಸಾಯುತ್ತವೆ; ಬಳಿಕ ಬೆರಳುಗಳು ಶಾಶ್ವತವಾಗಿ ಮುದುಡಿ ನಿಲ್ಲುತ್ತವೆ. ಜರ್ಮನಿಯ ವೈದ್ಯ ಫೋಲ್ಕ್‌ಮನ್ ಅವರು ಇದನ್ನು 1881ರಲ್ಲಿಯೇ ವಿವರಿಸಿದ್ದರು. ಕಟ್ಟಿದ ಮೇಲೆ ನೋವು ಕಡಿಮೆಯಾಗುವ ಬದಲು ಹೆಚ್ಚುತ್ತ ಹೋದರೆ, ಬೆರಳು ನೀಡಿದರೆ ತಡೆಯಲಾರದ ನೋವಾದರೆ, ಬೆರಳು ತಣ್ಣಗಾಗಿ ಬಿಳಿಚಿಕೊಂಡು ಜೋಮು ಹಿಡಿದರೆ, ಅದು ಕಟ್ಟೇ ಇರಲಿ, ಆಸ್ಪತ್ರೆಯ ಸಿಮೆಂಟ್ ಪಟ್ಟಿಯೇ ಇರಲಿ, ಬೆಳಗಿನವರೆಗೆ ಕಾಯದೆ ಅದನ್ನು ಬಿಡಿಸಲು ವೈದ್ಯರ ಬಳಿಗೆ ಓಡಬೇಕು.

ಹೊಲಿಗೆ ಹಾಕಿದರೆ ಅರ್ಧ ದಾರಿ

ನಮ್ಮ ರೈತನಿಗೆ ಶಸ್ತ್ರಚಿಕಿತ್ಸೆಯಾಯಿತು. ಹತ್ತು ಹನ್ನೆರಡು ದಿನಗಳಲ್ಲಿ ಹೊಲಿಗೆ ಬಿಚ್ಚಿದರು. ಚರ್ಮ ಕೂಡಿತು. ‘ಗಾಯ ಮಾಯಿತು, ಇನ್ನು ವಿಶ್ರಾಂತಿ ತೆಗೆದುಕೊ’ ಎಂದು ಮನೆಯವರು ಹೇಳುತ್ತಾರೆ. ಇಲ್ಲವೆ ‘ಹಂಗಾಮು ಕಳೆಯುತ್ತಿದೆ, ಹೊಲಕ್ಕೆ ನಡೆ’ ಎನ್ನುತ್ತಾರೆ. ಕೈಗಳು ಕೆಡುವುದು ಈ ಎರಡು ಮಾತುಗಳ ನಡುವೆಯೇ.

ಕೈಯ ರಚನೆಯನ್ನು ಅರಿತರೆ ಇದರ ಮರ್ಮ ತಿಳಿಯುತ್ತದೆ. ಒಂದು ಕೈಯಲ್ಲಿ 27 ಎಲುಬುಗಳಿವೆ. ಬೆರಳುಗಳನ್ನು ಮಡಿಸುವ ಮುಖ್ಯ ಸ್ನಾಯುಗಳಿರುವುದು ಬೆರಳಿನಲ್ಲಲ್ಲ, ಮುಂಗೈಯಲ್ಲಿ. ಅಲ್ಲಿಂದ ಹೊರಟ ಸ್ನಾಯುರಜ್ಜುಗಳೆಂಬ ಗಟ್ಟಿ ಹುರಿಗಳು ಮಣಿಕಟ್ಟನ್ನು ದಾಟಿ, ಕಿರಿದಾದ ಕೊಳವೆಗಳಲ್ಲಿ ಜಾರುತ್ತ ಬೆರಳ ತುದಿಯವರೆಗೆ ಸಾಗುತ್ತವೆ. ಕತ್ತರಿಸಿದ ಹುರಿಯನ್ನು ವೈದ್ಯರು ಹೊಲಿದಾಗ ಪ್ರಕೃತಿಯು ಅದನ್ನು ಕೂಡಿಸುತ್ತದೆ. ಜೊತೆಗೆ ಸುತ್ತಲಿನ ಚರ್ಮಕ್ಕೂ ಎಲುಬಿಗೂ ಅಂಟಿಸಿಬಿಡುತ್ತದೆ. ಅಂಟಿದ ಹುರಿ ಜಾರಲಾರದು; ಜಾರದಿದ್ದರೆ ಬೆರಳು ಮಡಚದು. ಬಾವು ಇಳಿಯದೆ ಉಳಿದರೆ ಆ ನೀರು ಅಂಟಿನಂತೆ ಗಟ್ಟಿಯಾಗಿ ಕೀಲುಗಳನ್ನು ಬಿಗಿದುಬಿಡುತ್ತದೆ. ಪೂರ್ತಿ ವಿಶ್ರಾಂತಿ ಕೊಟ್ಟ ಕೈ ಮರಗಟ್ಟುವುದು ಇದರಿಂದಲೇ. ಹಾಗೆಂದು ಅವಸರದಿಂದ ಬಲ ಹಾಕಿದರೆ ಹೊಲಿಗೆಯೇ ಹರಿಯುತ್ತದೆ.

ಈ ಎರಡರ ನಡುವಣ ಕಿರುದಾರಿಯಲ್ಲಿ ಕೈಹಿಡಿದು ನಡೆಸುವುದೇ ಚಿಕಿತ್ಸಕರ ಕೆಲಸ. ಹುರಿಯ ಜೋಡಣೆ ಮೊದಲ ಮೂರು ವಾರಗಳಲ್ಲಿ ತೀರ ದುರ್ಬಲ. ಆಗ ಆಸರೆ ಪಟ್ಟಿಯ ಒಳಗೇ, ಚಿಕಿತ್ಸಕರು ತೋರಿಸಿದಷ್ಟೇ ಮೃದುವಾದ ಚಲನೆ, ಅದೂ ದಿನಕ್ಕೆ ಹಲವು ಬಾರಿ. ಕೈಯನ್ನು ದಿಂಬಿನ ಮೇಲೆ ಎತ್ತರದಲ್ಲಿ ಇಡಬೇಕು. ಜೋಲಿಯಲ್ಲಿ ಕೆಳಗೆ ಜೋತುಬಿಡಬಾರದು. ಪಟ್ಟಿಯಿಲ್ಲದ ಬೆರಳು, ಮೊಣಕೈ, ಭುಜಗಳನ್ನು ಮೊದಲ ದಿನದಿಂದಲೇ ಆಡಿಸುತ್ತಿರಬೇಕು. ಇಲ್ಲವಾದರೆ ಬೆರಳಿಗೆ ಪೆಟ್ಟು ಬಿದ್ದವನ ಭುಜವೂ ಹಿಡಿದುಕೊಳ್ಳುತ್ತದೆ. ಸಾಮಾನ್ಯವಾಗಿ ಆರು ವಾರಗಳ ಹೊತ್ತಿಗೆ ಪಟ್ಟಿ ಬಿಡಿಸಿ ಹಗುರ ಕೆಲಸಗಳು ಆರಂಭವಾಗುತ್ತವೆ. ಭಾರ ಎತ್ತಲು, ಸಲಿಕೆ ಗುದ್ದಲಿ ಹಿಡಿಯಲು ಮೂರು ತಿಂಗಳಾದರೂ ಬೇಕು. ಪ್ರತಿ ಗಾಯಕ್ಕೂ ಲೆಕ್ಕ ಬೇರೆಯಾದ್ದರಿಂದ ತಮ್ಮ ವೈದ್ಯರ ಮಾತೇ ಪ್ರಮಾಣವೆಂದು ತಿಳಿಯಬೇಕು.

ವೆಲ್ಲೂರು ಕಲಿಸಿದ ಪಾಠ

ಈ ವಿದ್ಯೆಯ ಇತಿಹಾಸದಲ್ಲಿ ನಮ್ಮ ನೆರೆಯ ತಮಿಳುನಾಡಿನ ವೆಲ್ಲೂರಿಗೆ ದೊಡ್ಡ ಸ್ಥಾನವಿದೆ. ಕೊಲ್ಲಿ ಬೆಟ್ಟಗಳಲ್ಲಿ 1914ರಲ್ಲಿ ಜನಿಸಿದ ಡಾ. ಪಾಲ್ ಬ್ರ್ಯಾಂಡ್ ಎಂಬ ಆಂಗ್ಲ ವೈದ್ಯರು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದರು. ಕುಷ್ಠರೋಗದಿಂದ ನರಗಳು ಸತ್ತು ಬೆರಳು ಮುದುಡಿದವರ ಕೈಗಳಲ್ಲಿ, ಬಲವಿರುವ ಒಂದು ಸ್ನಾಯುವಿನ ಹುರಿಯನ್ನು ಬಲವಿಲ್ಲದ ಬೆರಳಿಗೆ ತಿರುಗಿಸಿ ಜೋಡಿಸುವ ಶಸ್ತ್ರಚಿಕಿತ್ಸೆಯನ್ನು ಅವರು ಬೆಳೆಸಿದರು. ಆದರೆ ಬೆರಳು ನೇರವಾದ ಮಾತ್ರಕ್ಕೆ ಬದುಕು ನೇರವಾಗಲಿಲ್ಲ. ಹೊಸ ದಾರಿ ಹಿಡಿದ ಹುರಿಯನ್ನು ಬಳಸಲು ಮೆದುಳು ಮರಳಿ ಕಲಿಯಬೇಕಿತ್ತು. ಮುದುಡಿದ ಕೈ ತೋರಿಸಿ ಭಿಕ್ಷೆ ಬೇಡುತ್ತಿದ್ದವರಿಗೆ ಕೈ ನೆಟ್ಟಗಾದ ಮೇಲೆ ಭಿಕ್ಷೆಯೂ ಇಲ್ಲ, ಕೆಲಸವೂ ಇಲ್ಲ ಎನ್ನುವಂತಾಯಿತು. ಆದ್ದರಿಂದ 1950ರ ದಶಕದ ಆರಂಭದಲ್ಲಿ ‘ನವಜೀವ ನಿಲಯ’ವೆಂಬ ಪುಟ್ಟ ನೆಲೆಯನ್ನು ಕಟ್ಟಿ, ಅಲ್ಲಿ ಬಡಗಿತನ, ಮರದ ಆಟಿಕೆಗಳ ತಯಾರಿಕೆಯನ್ನು ಕಲಿಸಿದರು. ಕೆಲಸವೇ ಚಿಕಿತ್ಸೆಯಾಯಿತು, ಚಿಕಿತ್ಸೆಯೇ ಅನ್ನವಾಯಿತು.

ಅದೇ ಕಾಲದಲ್ಲಿ, 1950ರಲ್ಲಿ, ಶ್ರೀಮತಿ ಕಮಲಾ ನಿಂಬಕರ ಅವರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಔದ್ಯೋಗಿಕ ಚಿಕಿತ್ಸೆಯ ಶಾಲೆಯನ್ನು ತೆರೆದರು. ಉಣ್ಣುವುದು, ಉಡುವುದು, ಬರೆಯುವುದು, ನೇಯುವುದು ಮುಂತಾದ ನಿತ್ಯದ ಕೆಲಸಗಳನ್ನೇ ಮದ್ದಾಗಿ ಬಳಸುವುದು ಈ ಚಿಕಿತ್ಸೆಯ ತಿರುಳು. ಕಾಯಕವನ್ನು ಬಾಳಿನ ಕೇಂದ್ರದಲ್ಲಿಟ್ಟ ಶರಣರ ಮನೆತನಗಳಿಗೆ ಇದು ಹೊಸ ಮಾತೇನೂ ಆಗಬೇಕಿಲ್ಲ, ಅಲ್ಲವೆ?

ಮನೆಯೇ ಚಿಕಿತ್ಸಾಲಯ

ಚಿಕಿತ್ಸೆಯೆಂದರೆ ದೊಡ್ಡ ಯಂತ್ರಗಳೇ ಬೇಕೆಂಬ ಭಾವನೆ ಸಲ್ಲದು. ಚಿಕಿತ್ಸಕರು ಅಪ್ಪಣೆ ಕೊಟ್ಟ ಮೇಲೆ ನಮ್ಮ ಅಡುಗೆಮನೆಯೇ ಸಾಕು. ಹಿಡಿತದ ಬಲಕ್ಕೆ ನಾದಿದ ಹಿಟ್ಟಿನ ಉಂಡೆಯನ್ನು ಹಿಚುಕುವುದು; ಬೆರಳ ಚುರುಕಿಗೆ ಶೇಂಗಾ ಸುಲಿಯುವುದು, ಕಾಳು ಆರಿಸುವುದು; ಮಣಿಕಟ್ಟಿನ ಬಲಕ್ಕೆ ಒದ್ದೆ ಬಟ್ಟೆ ಹಿಂಡುವುದು. ಪೂರ್ತಿ ಮಾಯ್ದ ಗಾಯದ ಕಲೆಯನ್ನು ದಿನವೂ ಕೊಬ್ಬರಿ ಎಣ್ಣೆ ಹಚ್ಚಿ ಬೆರಳಿನಿಂದ ತಿಕ್ಕಿದರೆ ಅದು ಒಳಗಿನ ಹುರಿಗೆ ಅಂಟದೆ ಸಡಿಲವಾಗುತ್ತದೆ. ಹಸಿ ಗಾಯಕ್ಕೆ ಮಾತ್ರ ಎಣ್ಣೆ ಸಲ್ಲದು.

ನರ ಕತ್ತರಿಸಿದ್ದರೆ ತಾಳ್ಮೆ ಇನ್ನೂ ಹೆಚ್ಚು ಬೇಕು. ಹೊಲಿದ ನರವು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಷ್ಟು ಮಾತ್ರ ಬೆಳೆಯುತ್ತದೆ. ಮೊಣಕೈಯ ಬಳಿ ತುಂಡಾದ ನರ ಬೆರಳ ತುದಿಯನ್ನು ಮುಟ್ಟಲು ವರುಷವೇ ದಾಟುತ್ತದೆ. ಅಷ್ಟು ಕಾಲ ಆ ಬೆರಳಿಗೆ ಬಿಸಿ ತಿಳಿಯದು, ಚೂಪು ತಿಳಿಯದು. ಸುಡುವ ಹಂಚು, ಚಹಾದ ಬಟ್ಟಲು, ಬೀಡಿಯ ಕಿಡಿ ಎಲ್ಲವೂ ಅಪಾಯವೇ. ನೋವಿಲ್ಲದಿರುವುದು ವರವಲ್ಲ, ಶಾಪವೆಂಬುದನ್ನು ವೆಲ್ಲೂರಿನ ರೋಗಿಗಳ ಕೈಗಳೇ ಜಗತ್ತಿಗೆ ತೋರಿಸಿಕೊಟ್ಟವು. ಅವರ ಬೆರಳುಗಳು ಸವೆದದ್ದು ರೋಗಕ್ಕಿಂತ ಹೆಚ್ಚಾಗಿ ಅರಿವಿಗೆ ಬಾರದ ಗಾಯಗಳಿಂದ. ಕಣ್ಣೇ ಕೈಯ ಕಾವಲುಗಾರನಾಗಬೇಕು. ಸ್ಪರ್ಶ ಮರಳತೊಡಗಿದಾಗ ಅದನ್ನು ಪಳಗಿಸಬೇಕು. ಒಂದು ಮೊರದಲ್ಲಿ ಜೋಳ, ಸಜ್ಜೆ, ಕಡಲೆ, ಹತ್ತಿ, ಮರಳು ಇವನ್ನು ಬೇರೆ ಬೇರೆಯಾಗಿ ಇರಿಸಿ, ಮೊದಲು ನೋಡುತ್ತ ಮುಟ್ಟಿ, ಆಮೇಲೆ ಕಣ್ಣು ಮುಚ್ಚಿ ಮುಟ್ಟಿ ಹೆಸರು ಹೇಳಬೇಕು. ಮನೆಯ ಮಕ್ಕಳು ಇದನ್ನು ಆಟವಾಗಿಸಿ ಅಪ್ಪನಿಗೋ ಅಜ್ಜಿಗೋ ನೆರವಾಗಬಹುದು.

ಬೆರಳೋ ಕೈಯೋ ಹೋಗಿಯೇ ಬಿಟ್ಟಿದ್ದರೂ ಇಲ್ಲದ ಅಂಗದಲ್ಲಿ ನೋವು ಕಾಣಿಸುವುದುಂಟು. ಇದು ಭ್ರಮೆಯಲ್ಲ, ಗಾಳಿ ಸೋಂಕೂ ಅಲ್ಲ. ಮೆದುಳಿನಲ್ಲಿ ಉಳಿದ ಅಂಗದ ನೆನಪು. ಉಳಿದ ಕೈಯ ಪ್ರತಿಬಿಂಬವನ್ನು ಕನ್ನಡಿಯಲ್ಲಿ ನೋಡುತ್ತ ಆಡಿಸುವುದರಿಂದ ಕೆಲವರಿಗೆ ಈ ನೋವು ತಗ್ಗುತ್ತದೆಂದು ತಮಿಳುನಾಡು ಮೂಲದ ವಿಜ್ಞಾನಿ ಡಾ. ವಿ. ಎಸ್. ರಾಮಚಂದ್ರನ್ ಅವರು 1990ರ ದಶಕದಲ್ಲಿ ತೋರಿಸಿದರು.

ರಕ್ತ ಬಾರದ ಪೆಟ್ಟು

ಎಲ್ಲ ಪೆಟ್ಟುಗಳೂ ಒಮ್ಮೆಲೇ ಬೀಳುವುದಿಲ್ಲ. ಒಂದೇ ಚಲನೆಯನ್ನು ವರುಷಗಟ್ಟಲೆ ಮಾಡುವವರ ಕೈ ಒಳಗೊಳಗೇ ಸವೆಯುತ್ತದೆ. ಇಟಲಿಯ ವೈದ್ಯ ರಾಮಜ್ಜೀನಿ 1700ರಲ್ಲಿಯೇ ಕಸುಬುಗಳಿಂದ ಬರುವ ರೋಗಗಳ ಕುರಿತು ಗ್ರಂಥ ಬರೆದು, ಮುಂದೆ ಅದರ ವಿಸ್ತೃತ ಆವೃತ್ತಿಯಲ್ಲಿ ಬರೆಯುವ ಗುಮಾಸ್ತರ ಕೈನೋವನ್ನೂ ಗುರುತಿಸಿದ್ದರು. ಮಗ್ಗದವರು, ಹೊಲಿಗೆಯವರು, ಕೆತ್ತನೆಯವರು, ಕಂಪ್ಯೂಟರಿನ ಮುಂದೆ ಕುಳಿತವರು, ಮನೆವಾರ್ತೆಯ ತಾಯಂದಿರು ಎಲ್ಲರೂ ಈ ಸಾಲಿಗೆ ಸೇರಿದವರೇ.

ರಾತ್ರಿ ನಿದ್ದೆಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗಿ, ಕೈ ಝಾಡಿಸಿದರೆ ಹಾಯೆನಿಸುವುದಾದರೆ ಮಣಿಕಟ್ಟಿನ ಕಿರಿದಾದ ದಾರಿಯಲ್ಲಿ ನರವೊಂದು ಅದುಮಿರುವ ಸಂಭವವಿದೆ. ಮೊದಲಿನಲ್ಲಿಯೇ ಗುರುತಿಸಿದರೆ ರಾತ್ರಿ ಮಣಿಕಟ್ಟನ್ನು ನೇರವಾಗಿ ಇರಿಸುವ ಪಟ್ಟಿ, ಕೆಲಸದ ನಡುವೆ ಬಿಡುವು, ಹಿಡಿಕೆ ದಪ್ಪಗಿರುವ ಹತ್ಯಾರು, ಇಷ್ಟರಿಂದಲೇ ಅನೇಕರಿಗೆ ಗುಣ ಕಾಣುತ್ತದೆ. ಅಲಕ್ಷಿಸಿದರೆ ಹೆಬ್ಬೆರಳ ಬುಡದ ಮಾಂಸ ಕರಗಿ ಹಿಡಿತವೇ ಹೋಗುತ್ತದೆ. ‘ವಾಯು’ವೆಂದು ಹೇಳಿ ವರುಷ ಕಳೆಯುವುದು ಒಳ್ಳೆಯದಲ್ಲ. ಮಧುಮೇಹ, ಥೈರಾಯ್ಡ್ ತೊಂದರೆಯಿದ್ದವರಂತೂ ಬೇಗ ತೋರಿಸಿಕೊಳ್ಳಬೇಕು.

ಮನೆತನದ ಹೊಣೆ, ಸಮಾಜದ ಹೊಣೆ

ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವವರನ್ನು ಸೋಮಾರಿಗಳೆಂದು ನಾವು ಹೇಳಲಾರೆವು. ದಿನಗೂಲಿ ಹೋಗುತ್ತದೆ, ಬಿತ್ತುವ ಹದ ಕಾಯುವುದಿಲ್ಲ, ವಾರಕ್ಕೆರಡು ಬಾರಿ ಪಟ್ಟಣಕ್ಕೆ ಹೋಗಿಬರಲು ಖರ್ಚು ಬೇಕು. ಕೊಪ್ಪಳ, ಗದಗಗಳಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ; ಹುಬ್ಬಳ್ಳಿಗೆ ತಳಕಲ್ಲಿನಿಂದ ರೈಲು ಮಾರ್ಗ ಮೊದಲಿನಿಂದಲೂ ಇದೆ; ತಳಕಲ್-ಕುಷ್ಟಗಿ ಮಾರ್ಗದಲ್ಲಿಯೂ 2025ರ ಮೇ ತಿಂಗಳಲ್ಲಿ ರೈಲು ಓಡಾಟ ಆರಂಭವಾಗಿದೆ. ಅನುಕೂಲಗಳು ಹತ್ತಿರವಾಗಿವೆ. ಕೊರತೆಯಿರುವುದು ಮೂರು ತಿಂಗಳು ತಾಳಿಕೊಳ್ಳುವ ಆಸರೆಗೆ.

ಕಾನೂನಿನ ನೆರವೂ ಇದೆ. 1923ರ ಕಾಮಗಾರರ ಪರಿಹಾರ ಕಾಯಿದೆಯು ಹೆಬ್ಬೆರಳೊಂದರ ನಷ್ಟಕ್ಕೆ ಗಳಿಕೆಯ ಶಕ್ತಿಯಲ್ಲಿ ಶೇಕಡ 30ರಷ್ಟು, ಒಂದು ಕೈಯ ನಾಲ್ಕು ಬೆರಳುಗಳ ನಷ್ಟಕ್ಕೆ ಶೇಕಡ 50ರಷ್ಟು ಕುಂದೆಂದು ಲೆಕ್ಕ ಹಾಕಿತ್ತು. ಆ ಕಾಯಿದೆಯೂ 1948ರ ಕಾರ್ಮಿಕರ ರಾಜ್ಯ ವಿಮಾ ಕಾಯಿದೆಯೂ ಈಗ, 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅಡಕವಾಗಿವೆ. ಕೆಲಸದಲ್ಲಿ ಗಾಯಗೊಂಡವರು ಅಪಘಾತದ ವಿವರವನ್ನು ಆ ದಿನವೇ ಬರೆಸಿ, ಆಸ್ಪತ್ರೆಯ ಪ್ರತಿಯೊಂದು ಕಾಗದವನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು. ಪರಿಹಾರ ಬಂತೆಂದು ಚಿಕಿತ್ಸೆಯನ್ನು ನಿಲ್ಲಿಸಬಾರದು. ಗುಣವಾದರೆ ಪರಿಹಾರ ತಪ್ಪೀತೆಂದು ಕೈಯನ್ನು ಕೆಡಿಸಿಕೊಳ್ಳಲೂಬಾರದು. ಹಣ ಕೆಲವು ವರುಷಕ್ಕೆ, ಕೈ ಬಾಳಿಗೆಲ್ಲ.

ಉಳಿದದ್ದು ನಮ್ಮ ಕೈಯಲ್ಲಿದೆ. ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಹಳ್ಳಿಹಳ್ಳಿಯ ತಾಯಂದಿರು ರೊಟ್ಟಿ ತಟ್ಟಿ ಕಳಿಸುವ ನಾಡು ನಮ್ಮದು. ಅದೇ ದಾಸೋಹ ಭಾವದಿಂದ, ಕೈ ನೊಂದವನ ಹೊಲಕ್ಕೆ ಒಂದು ದಿನ ಮುಯ್ಯಾಳಾಗಿ ಹೋಗೋಣ. ಚಿಕಿತ್ಸೆಯ ದಿನ ಜೊತೆಗೆ ಒಬ್ಬರನ್ನು ಕಳಿಸೋಣ. ಕೈ ಸುಟ್ಟುಕೊಂಡ ಸೊಸೆಗೆ, ಮಣಿಕಟ್ಟು ಮುರಿದ ಅತ್ತೆಗೆ ‘ಇನ್ನೂ ಎಷ್ಟು ದಿನ?’ ಎಂದು ಕೇಳುವ ಬದಲು ‘ಇಂದು ಬೆರಳು ಎಷ್ಟು ಮಡಚಿತು?’ ಎಂದು ಕೇಳೋಣ. ಅವರು ಹಂಚಿನ ಮುಂದೆ ಕುಳಿತು ಮತ್ತೆ ರೊಟ್ಟಿ ತಟ್ಟುವ ದಿನ ಇಡೀ ಮನೆಗೆ ಹಬ್ಬವಾಗಲಿ.

ಭಕ್ತರಿಗೆ ಇನ್ನೊಂದು ಅಳತೆಗೋಲೂ ಇದೆ. ಮುಂಗೈ ಮುರಿದು ಕೂಡಿದವರಲ್ಲಿ ಅನೇಕರು ಅಂಗೈಯನ್ನು ಪೂರ್ತಿಯಾಗಿ ಮೇಲ್ಮುಖ ಮಾಡಲಾರರು. ಬೆರಳು ಬಿಗಿದವರು ಅಂಗೈಯನ್ನು ಅಗಲಿಸಲಾರರು. ಚಿಕಿತ್ಸಕರು ಮೊದಲ ದಿನ ‘ಈ ಕೈಯಿಂದ ನಿಮಗೆ ಏನಾಗಬೇಕು?’ ಎಂದು ಕೇಳುತ್ತಾರೆ. ಹೊಲ, ಮಗ್ಗಗಳೊಡನೆ ಇದನ್ನೂ ಹೇಳಬೇಕು: ‘ಅಂಗೈ ತೆರೆದು ಲಿಂಗವನ್ನು ಅಲುಗದೆ ಹಿಡಿಯಬೇಕು.’ ಅದಕ್ಕೆ ತಕ್ಕ ಅಭ್ಯಾಸಗಳನ್ನು ಅವರು ಕಲಿಸುತ್ತಾರೆ. ಪಟ್ಟಿಯಿರುವಷ್ಟು ಕಾಲ ಪೂಜೆಯ ಕ್ರಮವನ್ನು ತಮ್ಮ ಗುರುಗಳಲ್ಲಿ ವಿಚಾರಿಸಿಕೊಳ್ಳುವುದು ಲೇಸು.

ಕೈಯೇ ಹೋದವರ ಬಾಳೂ ಅಲ್ಲಿಗೆ ಮುಗಿಯುವುದಿಲ್ಲ. ಉಳಿದ ಕೈಯನ್ನು ಪಳಗಿಸಿ, ಹತ್ಯಾರಿನ ಹಿಡಿಕೆಯನ್ನು ಬದಲಿಸಿ, ಅಗತ್ಯವಿದ್ದರೆ ಕೃತಕ ಕೈ ಜೋಡಿಸಿಕೊಂಡು ದುಡಿಯುವವರಿದ್ದಾರೆ. ಶರಣರು ಕಾಯಕದಲ್ಲಿ ಮೇಲುಕೀಳು ಎಣಿಸಲಿಲ್ಲ. ಒಂದು ಕೈಯ ಕಾಯಕವೂ ಪೂರ್ಣ ಕಾಯಕವೇ.

ದಿನಕ್ಕೆ ಹತ್ತಾರು ಬಾರಿ, ನೋವನ್ನು ನುಂಗಿ, ಒಂದು ಬೆರಳನ್ನು ಒಂದಿಷ್ಟು ಹೆಚ್ಚು ಮಡಚುವ ಶ್ರಮವನ್ನು ಯಾರೂ ಕೂಲಿ ಕೊಟ್ಟು ಕೊಳ್ಳುವುದಿಲ್ಲ. ಆದರೂ ಅದು ಕಾಯಕವೇ. ಆ ಕಾಯಕಕ್ಕೆ ಮನೆಯವರು ಕೊಡುವ ಬಿಡುವೇ ದಾಸೋಹ. ತಳಕಲ್ ಸೀಮೆಯ, ನಾಡಿನ ಎಲ್ಲ ದುಡಿಯುವ ಕೈಗಳನ್ನು ಬಸವಾದಿ ಪ್ರಮಥರು ಕಾಪಾಡಲಿ. ನೊಂದ ಕೈಗಳು ಬೇಗ ಕರಸ್ಥಲಕ್ಕೂ ಕಾಯಕಕ್ಕೂ ಮರಳಲಿ ಎಂದು ಪ್ರಾರ್ಥಿಸುತ್ತೇವೆ.